ಹನ್ನೊಂದನೆಯ ಕಾಜಾ

"ಒಂದಾದ್ರೂ ಗೆರೆ ಮೇಲಿದೆಯಾ ಹೇಳಿ ಡಾಕ್ಟ್ರೇ," ಎಂದು ಟೈಲರಮ್ಮ ಗೇಣುದ್ದದ ಬಟ್ಟೆಪಟ್ಟಿಯನ್ನು ಮೇಜಿನ ಮೇಲೆ ಬಡಿದಿಟ್ಟರು. ಗುಂಡಿ ತೂರಿಸುವ ಕಾಜಾಗಳು, ಒಟ್ಟು ಹತ್ತು. ಹತ್ತೂ ಸೀಮೆಸುಣ್ಣದ ಗೆರೆ ಬಿಟ್ಟು ಎಡಕ್ಕೆ ಸರಿದಿದ್ದವು.

ಬಲಗಣ್ಣಿನ ಪೊರೆ ತೆಗೆದು ಲೆನ್ಸ್ ಕೂರಿಸಿ ಆರು ವಾರವಾಗಿತ್ತು. ಗೋಡೆಯ ಅಕ್ಷರಗಳನ್ನು ಓದಿದ್ದಾಯಿತು, ಚೀಟಿಯಲ್ಲಿ 'ಚೆನ್ನಾಗಿದೆ' ಎಂದು ಬರೆದದ್ದೂ ಆಯಿತು. ಸೂಜಿ ಹಿಡಿದರೆ ಮಾತ್ರ ಎರಡೆರಡು ಸೂಜಿ! ಎಡಗಣ್ಣು ಚಿಕ್ಕಂದಿನಿಂದಲೇ ಮಂದ. ನಲವತ್ತು ವರ್ಷ ಹೊಲಿದ ಕೈಗೆ ಇನ್ನು ಕೆಲಸವೇ ಇಲ್ಲವೇನೋ ಎಂದು ಅವರಿಗೆ ಊಟ ಸೇರುತ್ತಿರಲಿಲ್ಲ.

"ವಯಸ್ಸಾಯ್ತಲ್ಲ ಡಾಕ್ಟ್ರೇ, ಅಮ್ಮಂಗೆ ಕೈ ನಡುಗುತ್ತೆ," ಎಂದಳು ಜೊತೆಗೆ ಬಂದಿದ್ದ ಮಗಳು.

"ಸುಮ್ನಿರೇ! ಕೈ ನಡುಗಿದ್ರೆ ಒಂದು ಆ ಕಡೆ, ಒಂದು ಈ ಕಡೆ ಹೋಗ್ಬೇಕಿತ್ತು. ಎಲ್ಲಾ ಒಂದೇ ಕಡೆ, ಒಂದೇ ಅಳತೆ. ಸ್ಕೇಲ್ ಇಟ್ಟು ನೋಡಿ ಬೇಕಾದ್ರೆ."

ಎಂಥಾ ಹೆಂಗಸಪ್ಪಾ! ಡಾಕ್ಟರು ನಿಜಕ್ಕೂ ಸ್ಕೇಲ್ ಇಟ್ಟರು. ಹತ್ತೂ ಎರಡೆರಡು ಮಿಲಿಮೀಟರ್. ಕಣ್ಣಿನ ಪಾಪೆ ಅಗಲವಾಗಲು ಔಷಧಿಯ ಹನಿ ಹಾಕಿದರು; ಹೋದ ಸಲ ಅದನ್ನು ಹಾಕಿರಲಿಲ್ಲ. ಅರ್ಧ ಗಂಟೆ ಬಿಟ್ಟು, ಯಂತ್ರದ ಮುಂದೆ ಕೂರಿಸಿ, ಬಹಳ ಹೊತ್ತು ನೋಡಿದರು.

"ಲೆನ್ಸಿಗೆ ಎರಡು ಕಾಲಿರುತ್ತಮ್ಮ. ಎರಡೂ ಕಣ್ಣೊಳಗಿನ ಪೊರೆಚೀಲದಲ್ಲಿ ಕೂರ್ಬೇಕು. ನಾನು ಒಂದನ್ನ ಹೊರಗೇ ಬಿಟ್ಟಿದ್ದೀನಿ. ಅದಕ್ಕೇ ಲೆನ್ಸ್ ಪಕ್ಕಕ್ಕೆ ಸರಿದಿದೆ. ತಪ್ಪು ನಂದೇ."

"ಗುಂಡಿ ಅರ್ಧ ಮಾತ್ರ ಕಾಜಾದೊಳಗೆ ಹೋದಂಗೆ."

"ಥೇಟ್ ಹಂಗೇ. ಮತ್ತೆ ಆಪರೇಷನ್ ಮಾಡಿ ಸರಿಯಾಗಿ ಕೂರಿಸ್ಬೇಕು. ಅಪಾಯ ಇಲ್ಲ ಅಂತ ಹೇಳಲ್ಲ. ನನ್ನ ಮೇಲೆ ನಂಬಿಕೆ ಇಲ್ದಿದ್ರೆ ಬೇರೆ ಡಾಕ್ಟ್ರಿಗೆ ಚೀಟಿ ಬರ್ಕೊಡ್ತೀನಿ. ನನ್ನ ತಪ್ಪನ್ನೂ ಅದ್ರಲ್ಲಿ ಬರೀತೀನಿ."

"ಬರ್ಕೊಡಿ," ಎಂದು ಮಗಳು ಕೈ ಚಾಚಿದಳು. ಟೈಲರಮ್ಮ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

"ನಾನು ಕೆಡಿಸಿದ ಅಂಗೀನ ಪಕ್ಕದ ಅಂಗಡಿಗೆ ಕಳ್ಸಿದ್ದು ನೋಡಿದ್ದೀಯೇನೇ? ನಾನೇ ಬಿಚ್ತೀನಿ, ನಾನೇ ಹೊಲೀತೀನಿ. ಇವ್ರೇ ಮಾಡ್ಲಿ."

ಡಾಕ್ಟರು ಬಟ್ಟೆಪಟ್ಟಿಯನ್ನು ಕೈಗೆತ್ತಿಕೊಂಡರು. "ಈ ಪಟ್ಟಿ ನನ್ನ ಹತ್ರ ಇರ್ಲಾ?" ಎಂದು ಕೇಳಿದರು.

ಎರಡನೆಯ ಆಪರೇಷನ್ ಆಗಿ ಆರು ವಾರದ ಮೇಲೆ ತಾಯಿ ಮಗಳು ಬಂದಾಗ, ಪಟ್ಟಿ ಕೈತೊಳೆಯುವ ಬೇಸಿನ್ನಿನ ಮೇಲೆ, ಡಾಕ್ಟರ ಕಣ್ಣಿಗೆ ಬೀಳುವಂತೆ, ಮೊಳೆಗೆ ತೂಗುತ್ತಿತ್ತು. ಡಾಕ್ಟರು ಅಕ್ಷರಗಳ ಕಡೆ ಕೈ ತೋರಿಸಿದರು. ಟೈಲರಮ್ಮ ಅತ್ತ ನೋಡಲೇ ಇಲ್ಲ. ಪಟ್ಟಿ ಇಳಿಸಿಕೊಂಡು, ಚೀಲದಿಂದ ಸೂಜಿದಾರ ತೆಗೆದು, ಕಿಟಕಿಯ ಬೆಳಕಿಗೆ ಕೂತರು. ದಾರ ಮೊದಲ ಸಲಕ್ಕೇ ಸೂಜಿಯ ಕಣ್ಣು ದಾಟಿತು. ಹತ್ತು ಕಾಜಾಗಳ ಪಕ್ಕದಲ್ಲೇ ಇನ್ನೊಂದನ್ನು ಹೊಲಿದರು.

ಡಾಕ್ಟರು ಸ್ಕೇಲ್ ತೆಗೆದುಕೊಂಡು ಬಂದರು. ಗೆರೆಯನ್ನು ಬಗ್ಗಿ ನೋಡಿ, ಅಳೆಯದೆಯೇ ಸ್ಕೇಲನ್ನು ಜೇಬಿಗೆ ಹಾಕಿಕೊಂಡರು.

ಟೈಲರಮ್ಮ ದಾರವನ್ನು ಹಲ್ಲಿನಿಂದ ಕಡಿದು, ಹನ್ನೊಂದನೆಯ ಕಾಜಾವನ್ನೇ ಮೊಳೆಗೆ ಸಿಕ್ಕಿಸಿ, ಪಟ್ಟಿಯನ್ನು ಮತ್ತೆ ಅಲ್ಲಿಯೇ ತೂಗುಹಾಕಿದರು.