ಕೆಂಡದ ಮುಂದಿನ ಮಣೆ

ಕುಶಾಲನಗರದ ಹತ್ತಿರ ಶುಂಠಿ ಬೆಳೆದುಕೊಂಡಿದ್ದ ದೇವರಾಜುವಿನ ಮನೆಯಲ್ಲಿ ಊಟದ ಹೊತ್ತಿಗೆ ಸಾರಿನದೇ ತಕರಾರು.

"ಏನೇ ಯಮುನಾ, ಇವತ್ತೂ ಎರಡು ಸಲ ಉಪ್ಪು ಸುರಿದಿದೀಯ? ನಾವೇನು ಉಪ್ಪಿನಕಾಯಿಗೆ ಕುಯ್ದಿಟ್ಟ ಮಾವಿನಕಾಯಾ?" ಎಂದರು ಅತ್ತೆ ಕಾಮಾಕ್ಷಮ್ಮ.

ಯಮುನಾ ನಗಲು ನೋಡಿದಳು. ಮೊದಲ ಸಲ ಹಾಕಿದ್ದು ನೆನಪೇ ಇರಲಿಲ್ಲ. ಹೋದ ವರ್ಷದಿಂದ ಹೀಗೇ: ಕಾಲು ಜೋಮು, ಕಣ್ಣು ಮಂಜು, ನಾಲಗೆ ತುದಿಗೆ ಬಂದ ಮಾತು ಅಲ್ಲೇ ಮಾಯ. ಮೈಸೂರಿನ ಡಾಕ್ಟರು ಸ್ಕ್ಯಾನ್ ತೋರಿಸಿ ಬಿಡಿಸಿ ಹೇಳಿದ್ದರು: "ಇದು ಮಲ್ಟಿಪಲ್ ಸ್ಕ್ಲೆರೋಸಿಸ್. ನರದ ಹೊದಿಕೆ ಸವೆದ ಕಡೆ ಈ ಬಿಳಿ ಮಚ್ಚೆ. ಮಿದುಳೂ ಸ್ವಲ್ಪ ಕುಗ್ಗಿದೆ. ಮರೆವು ಅದರಿಂದ, ಸೋಮಾರಿತನದಿಂದಲ್ಲ. ಇಂಜೆಕ್ಷನ್ ಬಿಡಬೇಡಿ. ಮೈಗೆ ಹೆಚ್ಚು ಶಾಖ ತಗಲಿದರೆ ಕಾಲು, ಮಾತು ಎರಡೂ ಸೋಲುತ್ತವೆ."

ಸ್ಕ್ಯಾನ್ ಬೀರು ಸೇರಿತು. ಕಾಮಾಕ್ಷಮ್ಮನ ಲೆಕ್ಕದಲ್ಲಿ ಅದು ಗಾಳಿ ಸೋಕಿದ್ದು. ಅಮಾವಾಸ್ಯೆ ಬಂತೆಂದರೆ ಮಂತ್ರವಾದಿ ಬಂದು ಯಮುನಾಳನ್ನು ಕೆಂಡದ ಮುಂದೆ ಮಣೆ ಹಾಕಿ ಕೂರಿಸಿ, ಮೆಣಸಿನಕಾಯಿ ಹೊಗೆ ಹಾಕುತ್ತಿದ್ದ. ಶಾಖಕ್ಕೆ ಅವಳ ನಾಲಗೆ ತೊದಲಿದರೆ, "ನೋಡಿ, ಗಾಳಿ ಮಾತಾಡ್ತಿದೆ!" ಎನ್ನುತ್ತಿದ್ದ. ಗಾಳಿ ಬಿಡುವ ತನಕ ಇಂಜೆಕ್ಷನ್ ಮುಟ್ಟುವಂತಿಲ್ಲ ಎಂದೂ ಹೇಳಿದ್ದ. ಇಂಜೆಕ್ಷನ್ ನಿಂತ ಮೇಲೆ ಅವಳು ಬಲಗಾಲು ಎಳೆದುಕೊಂಡು ನಡೆಯುತ್ತಿದ್ದಳು.

ಈ ಅಮಾವಾಸ್ಯೆಗೂ ಮಣೆ ಬಿತ್ತು. ಗಂಡ ದೇವರಾಜು ನೆಲ ನೋಡುತ್ತ ನಿಂತಿದ್ದ.

ಯಮುನಾ ಕೂರಲಿಲ್ಲ. ಗೋಡೆ ಹಿಡಿದುಕೊಂಡು, "ಅತ್ತೆ, ಒಂದು ಕೇಳ್ತೀನಿ. ಬಿಸಿ... ಆ ಬಿಸಿ..." ಎಂದಳು. ಮಾತು ಸಿಗಲಿಲ್ಲ.

ಮಂತ್ರವಾದಿ ನಕ್ಕ. "ಅಗೋ, ಶುರುವಾಯ್ತು."

"ತಡೀರಿ, ಹುಡುಕ್ತಿದೀನಿ. ಹ್ಞಾಂ, ಹಂಡೆ! ಹಂಡೆ ಬಿಸಿನೀರು ಹುಯ್ಕೊಂಡಾಗ್ಲೂ ಹಿಂಗೇ ನಾಲಗೆ ತೊದಲಿ, ಕುಸಿದು ಬಿದ್ದೆ. ನೀವೇ ಎತ್ತಿದ್ರಿ. ನೆರಳಲ್ಲಿ ಕೂತ ಮೇಲೆ ಸರಿಹೋದೆ. ಬಚ್ಚಲಲ್ಲಿ ಯಾವ ಗಾಳಿ ಇತ್ತು ಅತ್ತೆ? ನಾನಿನ್ನು ಇಲ್ಲಿ ಕೂರಲ್ಲ. ನಾಳೆ ಇಂಜೆಕ್ಷನ್‌ಗೆ ಹೋಗ್ತೀನಿ. ಬರೋರು ಬನ್ನಿ."

"ಅತ್ತೆಗೇ ಎದುರು ಮಾತು. ಗಾಳಿ ಬಲವಾಗಿದೆ, ಕಾಮಾಕ್ಷಮ್ಮ," ಎಂದ ಮಂತ್ರವಾದಿ.

ದೇವರಾಜು ಬಿಂದಿಗೆ ಎತ್ತಿ ಕೆಂಡದ ಮೇಲೆ ನೀರು ಸುರಿದ.

"ಅಯ್ಯೋ ಮಗ, ಗಾಳಿ ಕೋಪ ಮಾಡ್ಕೊಂಡ್ರೆ?"

"ಮಾಡ್ಕೊಳ್ಳಲಿ ಅವ್ವ. ಡಾಕ್ಟ್ರು ಹೇಳಿದ್ದು ನನ್ನ ಕಿವೀಗೂ ಬಿದ್ದಿತ್ತು. ಇಷ್ಟು ದಿನ ಬಾಯಿ ಬಿಡ್ಲಿಲ್ಲ, ಅಷ್ಟೆ."

ಕಾಮಾಕ್ಷಮ್ಮ ಬಗ್ಗಿ ಮಣೆ ಎತ್ತಿಕೊಂಡರು. ಅವತ್ತು ಬಚ್ಚಲ ಕಲ್ಲಿನ ಮೇಲೆ ಕುಸಿದಿದ್ದ ಸೊಸೆಯನ್ನು ಎತ್ತಿ ಕೂರಿಸಿದ್ದು ಅವರ ಕೈಗಳೇ.

ಮರುದಿನ ಯಮುನಾ ಸ್ನಾನಕ್ಕೆ ಹೋದಾಗ ಆ ಮಣೆ ಬಚ್ಚಲಲ್ಲಿತ್ತು, ಕೂತು ನೀರು ಹಾಕಿಕೊಳ್ಳಲು. ಹೊರಗಿನಿಂದ ಅತ್ತೆಯ ಗದರಿಕೆ ಕೇಳಿಸಿತು: "ತಣ್ಣೀರು ಬೆರೆಸಿದೀನಿ ಕಣೇ. ಬೇಗ ಬಾ, ಮೈಸೂರು ಬಸ್ಸು ತಪ್ಪಿಹೋದೀತು. ನಾನೂ ಬರ್ತೀನಿ. ಸಾರಿಗೆ ಉಪ್ಪು ಹಾಕಿ ಆಗಿದೆ, ನೀನು ಮುಟ್ಟಬೇಡ!"