ಆಣೆ ಇಡದ ಸಾಕ್ಷಿ

ಮಾತು ಮಾತಿಗೂ ಆಣೆ ಇಡುವವರು ನಮ್ಮಲ್ಲಿ ಎಷ್ಟು ಜನ ಬೇಕು ಹೇಳಿ? ಲಾಂಡ್ರಿಯ ಚಿಲಿಪಿಲಿಯನ್ನೇ ನೋಡಿ. ಬಾಯಿಗೆ ಬಿಡುವಿಲ್ಲದ ಹೆಣ್ಣು, ಅದಕ್ಕೇ ಆ ಹೆಸರು. "ನಿನ್ನಾಣೆಗೂ ಅಕ್ಕಾ, ಇವತ್ತಿನ ಟೀ ತಣ್ಣಗಿತ್ತು" ಅನ್ನುವಳು. ಟೀಗೂ ಆಣೆ!

ಪಕ್ಕದ ಮೇಜಿನ ಇಸ್ತ್ರಿ ಅಕ್ಕ ಮಾತ್ರ ಯಾವತ್ತೂ ಆಣೆ ಇಟ್ಟವಳಲ್ಲ. ಊರಲ್ಲಿ ಹತ್ತೇ ಮನೆಯಿರುವ ಪುಟ್ಟ ಪಂಥ ಅವಳದು. ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ. ನಮ್ಮ ಮಾತಿಗೆ ದೇವರನ್ನು ಸಾಕ್ಷಿಗೆ ಎಳೆಯಬಾರದು ಅನ್ನುವುದು ಅವರ ನಂಬಿಕೆ.

ಒಂದು ದಿನ ಬೆಡ್‌ಶೀಟ್ ಒತ್ತುವ ಬಿಸಿ ರೋಲರಿಗೆ ಚಿಲಿಪಿಲಿಯ ಕೈ ಸಿಕ್ಕಿ ಎರಡು ಬೆರಳು ಹೋದವು. "ಅವಳದೇ ತಪ್ಪು, ಮೈಮೇಲೆ ಎಚ್ಚರ ಇರಲಿಲ್ಲ" ಎಂದು ಮಾಲೀಕ ಕೈತೊಳೆದುಕೊಂಡ. ನಿಜ ಏನೆಂದರೆ, ಕೈ ಒಳಗೆ ಹೋಗದಂತೆ ತಡೆಯುವ ಕಂಬಿಯನ್ನು, ಕೆಲಸ ನಿಧಾನವಾಗುತ್ತದೆಂದು, ಅವನೇ ಅವತ್ತು ಬೆಳಿಗ್ಗೆ ಬಿಚ್ಚಿಸಿದ್ದ. ಅದನ್ನು ಕಂಡವಳು ಇಸ್ತ್ರಿ ಅಕ್ಕ ಒಬ್ಬಳೇ. ಅವಳು ಬಾಯಿ ಬಿಡದಿದ್ದರೆ ಚಿಲಿಪಿಲಿಗೆ ಬೆರಳೂ ಇಲ್ಲ, ಪರಿಹಾರವೂ ಇಲ್ಲ.

ಕೋರ್ಟಿನಿಂದ ಸಮನ್ಸ್ ಬಂತು. ಬ್ರೆಡ್ ವ್ಯಾನ್ ಓಡಿಸುವ ಅಕ್ಕನ ಗಂಡ ಬೆವತುಹೋದ.

"ಅಲ್ಲಿ ಮೊದಲು ಪ್ರಮಾಣ ಮಾಡಿಸ್ತಾರೆ. ಮಾಡಿದ್ರೆ ನಮ್ಮ ನಂಬಿಕೆ ಹೋಯ್ತು, ಮಾಡದಿದ್ರೆ ಜೈಲು. ಅವತ್ತು ಸುಮ್ನೆ ನಿಮ್ಮಕ್ಕನ ಮನೆಗೆ ಹೋಗಿಬಿಡು."

"ಆಮೇಲೆ ಆ ಹುಡುಗಿ ಮುಖ ಹೇಗೆ ನೋಡ್ಲಿ?" ಅಂದಳು ಅಕ್ಕ. ಬಾಯಲ್ಲಿ ಬಿಸಿ ತುಪ್ಪ; ಉಗುಳುವಂತಿಲ್ಲ, ನುಂಗುವಂತಿಲ್ಲ.

ಕೊನೆಗೆ ಚಿಲಿಪಿಲಿಗೇ ವಿಷಯ ಹೇಳಿದಳು. ಬ್ಯಾಂಡೇಜು ಸುತ್ತಿದ ಕೈ ಮಡಿಲಲ್ಲಿಟ್ಟುಕೊಂಡು ಅವಳು ಕೇಳಿದಳು, "ನನಗೋಸ್ಕರ ಒಂದೇ ಒಂದು ಆಣೆ ಇಡೋಕಾಗಲ್ವಾ ಅಕ್ಕಾ?"

ಅಕ್ಕನಿಗೆ ಅಳು ಬಂತು. ಅವಳು ಅತ್ತದ್ದನ್ನು ಚಿಲಿಪಿಲಿ ಹಿಂದೆಂದೂ ಕಂಡಿರಲಿಲ್ಲ. "ಇದಕ್ಕೊಂದು ದಾರಿ ಕೇಳ್ಕೊಂಡು ಬರ್ತೀನಿ" ಎಂದು ಎದ್ದುಹೋದಳು.

ಮರುದಿನ ಸಂಜೆ ಚಿಲಿಪಿಲಿ ಅಕ್ಕನ ಮನೆಗೆ ಬಂದಾಗ ಅವಳ ಜೊತೆ ಕಾನೂನು ನೆರವು ಕಚೇರಿಯ ವಕೀಲಮ್ಮ ಇದ್ದರು. ಕುರ್ಚಿ ಎಳೆದುಕೊಂಡು ಕೂತವರೇ ಗಂಡನ ಕಡೆ ತಿರುಗಿದರು.

"ಸಮನ್ಸ್ ಬಂದ್ಮೇಲೆ ತಪ್ಪಿಸಿಕೊಂಡ್ರೆ ಅದು ತಪ್ಪಾಗುತ್ತೆ ಅಣ್ಣಾ. ಆಣೆ ಇಡದೇ ಇರೋದು ತಪ್ಪಲ್ಲ. 'ಸತ್ಯವನ್ನೇ ಹೇಳ್ತೀನಿ ಅಂತ ದೃಢೀಕರಿಸ್ತೀನಿ' ಅಂದ್ರೆ ಸಾಕು. ನಮ್ಮಲ್ಲಿ ಮಾತ್ರ ಅಲ್ಲ, ಎಷ್ಟೋ ದೇಶಗಳ ಕೋರ್ಟುಗಳು ಇದನ್ನ ಒಪ್ಪುತ್ವೆ."

"ಹತ್ತು ಮನೆಯವರಿಗೋಸ್ಕರ ಕೋರ್ಟು ಬಗ್ಗುತ್ತಾ?" ಅಂದ ಗಂಡ.

"ಬಗ್ಗೋ ಮಾತೆಲ್ಲಿ ಬಂತು? ಅದೇ ಕಾನೂನು. ನಂಬೋರು ಹತ್ತು ಮನೆಯಾದ್ರೂ ಅಷ್ಟೇ, ಒಬ್ರೇ ಆದ್ರೂ ಅಷ್ಟೇ."

"ಹಾಗಾದ್ರೆ ದೇವರ ಹೆಸರು ಹೇಳಿ ಏನ್ ಬೇಕಾದ್ರೂ ಮಾಡಬಹುದಾ?"

"ಅದಾಗಲ್ಲ. ನಿಮ್ಮ ನಂಬಿಕೆಯಿಂದ ಇನ್ನೊಬ್ಬರ ಮೈಗೋ ಬಾಳಿಗೋ ಪೆಟ್ಟು ಬಿದ್ರೆ ಕೋರ್ಟು ತಡೆಯುತ್ತೆ. ಇಲ್ಲೂ ನೋಡಿ, ಆಣೆ ಇಡದಿದ್ರೂ ಸುಳ್ಳು ಹೇಳಿದ್ರೆ ಶಿಕ್ಷೆ ತಪ್ಪಲ್ಲ."

ಅಕ್ಕ ನಕ್ಕಳು. "ಸುಳ್ಳು ಹೇಳೋಳಾಗಿದ್ರೆ ಆಣೆ ಇಟ್ಟೇ ಹೇಳ್ತಿದ್ದೆ ಬಿಡಿ!"

ಆ ದಿನ ಬಂತು. ಗುಮಾಸ್ತರು ಪ್ರಮಾಣದ ಮಾತು ಶುರುಮಾಡಿದರು. ಅಕ್ಕ ಕೈಮುಗಿದು ಹೇಳಿದಳು, "ಕ್ಷಮಿಸಿ, ನಮ್ಮಲ್ಲಿ ಆಣೆ ಇಡಲ್ಲ. ಸತ್ಯವನ್ನೇ ಹೇಳ್ತೀನಿ."

ಮಾಲೀಕನ ವಕೀಲರು ಎದ್ದು ನಿಂತರು. "ನೋಡಿ ಸ್ವಾಮಿ, ಸುಳ್ಳು ಹೇಳೋಕೆ ಬಂದವರೇ ಪ್ರಮಾಣಕ್ಕೆ ಹೆದರೋದು!"

ನ್ಯಾಯಾಧೀಶರು ಕನ್ನಡಕ ತೆಗೆದು ಅವರನ್ನೇ ನೋಡಿದರು. "ಅವರ ನಂಬಿಕೆ ಅವರದು. ಕೋರ್ಟಿಗೆ ಬೇಕಾದ್ದು ಸತ್ಯ. ಕೂತ್ಕೊಳ್ಳಿ. ಅಮ್ಮಾ, ನೀವು ದೃಢೀಕರಿಸಿ ಹೇಳಿ."

ಅಷ್ಟೇ! ಇಷ್ಟಕ್ಕಾಗಿ ಗಂಡಹೆಂಡತಿ ನಿದ್ದೆಗೆಟ್ಟಿದ್ದರು. ಹಿಂದಿನ ಬೆಂಚಿನಲ್ಲಿ ಗಂಡ ಬಿಟ್ಟ ಉಸಿರು ಪಕ್ಕದವರಿಗೂ ಕೇಳಿಸಿತು. ಮಾಲೀಕ ಕಂಬಿ ಬಿಚ್ಚಿಸಿದ್ದನ್ನು ಅಕ್ಕ ಕಂಡಷ್ಟೇ ಹೇಳಿದಳು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ತೀರ್ಪು ಚಿಲಿಪಿಲಿಯ ಕಡೆಗಾಯಿತು. ಪರಿಹಾರ ಸಿಕ್ಕಿತು, ರೋಲರಿಗೆ ಕಂಬಿಯೂ ಮರಳಿ ಬಂತು. ತೀರ್ಪು ಕೇಳಿದ ದಿನವೇ ಅವಳು ಓಡಿಬಂದು ಅಕ್ಕನನ್ನು ತಬ್ಬಿಕೊಂಡಿದ್ದಳು. "ಇನ್ಮೇಲೆ ನಾನೂ ಆಣೆ ಇಡಲ್ಲ ಅಕ್ಕಾ, ನಿನ್ನಾಣೆಗೂ!"

ಗಂಡ ಮೊದಲು ನಕ್ಕ. ಆಮೇಲೆ ಮೂವರೂ ನಗುತ್ತಲೇ ಕೋರ್ಟಿನ ಮೆಟ್ಟಿಲಿಳಿದರು.

ಅಕ್ಕಂದಿರೇ, ಅಣ್ಣಂದಿರೇ, ನಮ್ಮವರು ಕಡಿಮೆ, ನಮ್ಮ ಮಾತು ಯಾರು ಕೇಳ್ತಾರೆ ಅಂತ ಕೋರ್ಟಿಗೆ ಬೆನ್ನು ಹಾಕಬೇಡಿ. ನಿಮ್ಮ ನಂಬಿಕೆಗೆ ಏನು ಅಡ್ಡಿ ಅನ್ನುವುದನ್ನು ವಕೀಲರಿಗೆ ಮೊದಲೇ ಹೇಳಿ. ವಕೀಲರಿಗೆ ಕೊಡಲು ಹಣ ಇಲ್ಲವೇ, ಕಾನೂನು ನೆರವು ಕಚೇರಿಯಲ್ಲಿ ವಿಚಾರಿಸಿ. ಇನ್ನು, ಪಕ್ಕದ ಮನೆಯವರ ನಂಬಿಕೆ ನಿಮಗೆ ವಿಚಿತ್ರ ಅನ್ನಿಸಿದರೆ ನಗುವ ಮುಂಚೆ ಒಂದು ಮಾತು ಕೇಳಿ ತಿಳಿದುಕೊಳ್ಳಿ. ನಾಳೆ ನಿಮಗಾಗಿ ಸತ್ಯ ಹೇಳಲು ನಿಲ್ಲುವವರು ಅವರೇ ಆಗಿರಬಹುದು.