ಅತ್ತೆಗೆ ತಲುಪದ ಸಾಲು

ಸ್ನೇಹಲ್ ಚೀಲದಿಂದ ಸ್ವೆಟರ್ ತೆಗೆದು ಸಂಘಮಿತ್ರಾಳ ಮಡಿಲಲ್ಲಿಟ್ಟಾಗ ಅವಳು ಅದು ತನಗೇ ಇರಬೇಕೆಂದುಕೊಂಡಳು. ನೀಲಿ ಉಣ್ಣೆ, ಉದ್ದ ತೋಳು, ಅಗಲ ಭುಜ.

"ಇದು ಅಜಿತಗ ರೀ, ಆಂಟಿ," ಎಂದಳು ಹುಡುಗಿ. ಇಂಗ್ಲೆಂಡಿನ ಲೆಸ್ಟರಿನಲ್ಲಿ ಹುಟ್ಟಿ ಬೆಳೆದವಳು. ಮಾತು ಮಾತ್ರ ಅಜ್ಜಿ ಶೆಟ್ಟೆವ್ವನಿಂದ ಕಲಿತ ಹಳೇ ಸವದತ್ತಿಯದು. ರಾಮದುರ್ಗಕ್ಕೆ ಬಂದದ್ದು ಇದೇ ಮೊದಲು. "ಕೈ ನಡಗತಾವು, ಆದ್ರೂ ಅಜ್ಜಿ ತಾನ ಹೆಣದಾಳ. ಕಾಲೇಜಿಗೆ ಹೊಂಟಾನ, ಎತ್ತರ ಆಗಿರತಾನ ಅಂದ್ಲು. ಎಲ್ಲಿ ಅದಾನ್ರಿ?"

ಸಂಘಮಿತ್ರಾಳ ಮಗ ಅಜಿತ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಹತ್ತು ವರ್ಷದ ಹುಡುಗ, ಡೆಂಗಿ ಜ್ವರ.

ಸಂಘಮಿತ್ರಾ ಸ್ವೆಟರನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಕಾಲೇಜು ಅಂತ ಯಾರು ಹೇಳಿದ್ರವ್ವಾ?"

"ಭೀಮಶಿ ಅಂಕಲ್ ಬರೀತಾರಲ್ರಿ, ವರ್ಷಾ ವರ್ಷಾ."

ಲೆಸ್ಟರಿನಲ್ಲಿ ನೆಲೆಸಿದ್ದ ಶೆಟ್ಟೆವ್ವ ಸಂಘಮಿತ್ರಾಳ ಸೋದರತ್ತೆ. ಕಿವಿ ಹೋದ ಮೇಲೆ ಅವಳಿಗೆ ಫೋನು ನಿಂತು ಕಾಗದವೊಂದೇ ಉಳಿದಿತ್ತು. ಕಣ್ಣೂ ಮಂದ. ಆದ್ದರಿಂದ ಬುದ್ಧ ಪೂರ್ಣಿಮೆಯ ಹೊತ್ತಿಗೆ ರಾಮದುರ್ಗ, ಸುರೇಬಾನ, ಬೈಲಹೊಂಗಲದ ಮನೆಗಳವರು ತಮ್ಮ ಸುದ್ದಿ ಬರೆದು ಸವದತ್ತಿಯ ಭೀಮಶಿಗೆ ಕೊಡುತ್ತಿದ್ದರು. ಭೀಮಶಿ ಸಂಘಮಿತ್ರಾಳ ಅಣ್ಣ, ಅಂಗಡಿಗಳ ಬೋರ್ಡ್ ಬರೆಯುವವನು. ಎಲ್ಲವನ್ನೂ ದಪ್ಪ ದುಂಡು ಅಕ್ಷರದಲ್ಲಿ ನಕಲು ಮಾಡಿ ಅಂಚೆಗೆ ಹಾಕುತ್ತಿದ್ದ.

ಅಜಿತ ಹೋದ ವರ್ಷ ಅವಳು ಏನನ್ನೂ ಮುಚ್ಚಿಡದೆ ಬರೆದುಕೊಟ್ಟಿದ್ದಳು. ಜ್ವರ ಹೇಗೆ ಬಂತು, ತಾನು ಎಲ್ಲಿ ತಡಮಾಡಿದೆ, ಕೊನೆಗೆ ಅವನು ಏನು ಕೇಳಿದ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅವಳು ಊರಲ್ಲಿ ಯಾರೆದುರೂ ಬಾಯಿ ಬಿಡದ ಮಾತು ಅದು. ಊರಿಗೆ ಬಂದಾಗಲೆಲ್ಲ ತನ್ನನ್ನೇ ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದ ಅತ್ತೆಗೆ ಹೇಳಬಹುದು ಅನಿಸಿತ್ತು. ಉತ್ತರ ಬಂದಾಗ, "ಎಲ್ಲಾರನ್ನೂ ಕೇಳ್ಯಾಳ," ಎಂದಷ್ಟೇ ಭೀಮಶಿ ಫೋನಿನಲ್ಲಿ ತಿಳಿಸಿದ. ಅಲ್ಲಿಂದ ಮುಂದೆ ಅತ್ತೆಯ ಹೆಸರು ಬಂದರೆ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಬರೆಯುವುದನ್ನೂ ಬಿಟ್ಟಿದ್ದಳು.

"ಅವ ಈಗ ಇಲ್ಲವ್ವಾ," ಎಂದು ಸ್ನೇಹಲ್‌ಗೆ ಹೇಳಿದಾಗ ಹುಡುಗಿ ಅಳತೊಡಗಿದಳು. ಸಮಾಧಾನ ಮಾಡುವ ಕೆಲಸವೂ ಇವಳಿಗೇ ಬಂತು. ಮರುದಿನ ಬೆಳಿಗ್ಗೆ ಅವಳಿಂದ ಲೆಸ್ಟರಿನ ವಿಳಾಸ ಬರೆಸಿಕೊಂಡು ಸವದತ್ತಿ ಬಸ್ಸು ಹತ್ತಿದಳು.

ಭೀಮಶಿ ಅಂಗಡಿಯಲ್ಲಿದ್ದ. ಸ್ವೆಟರನ್ನು ಅವನೆದುರು ಹರವಿದಳು. "ಇದು ಯಾರ ಅಳತಿ ಅಣ್ಣಾ?"

ಅವನು ಬ್ರಶ್ ಕೆಳಗಿಟ್ಟ. "ಕುಂದರ ಮಿತ್ರಾ. ಚಾ ತರಸ್ತೇನಿ."

"ಚಾ ಬ್ಯಾಡ."

"ಆ ವರ್ಷ ಅತ್ತೀದು ಹಾರ್ಟಿನ ಆಪರೇಷನ್ ಆಗಿತ್ತು. ಒಂದು ವರ್ಷ ಹೋಗ್ಲಿ ಅಂತ ನಿನ್ನ ಪಾಲೂ, ಉಳದವರು ಬರದ ಆ ಸುದ್ದೀನೂ ಬಿಟ್ಟು ಬರದೆ. ಮುಂದಿನ ವರ್ಷ ಅಕೀನ ಕೇಳಿದ್ಲು, ಅಜಿತ ಎಷ್ಟನೇ ಕ್ಲಾಸು ಅಂತ. ಆರನೇದು ಅಂತ ಬರದೆ."

"ಎಸ್ಸೆಸ್ಸೆಲ್ಸಿ ಒಳಗ ಎಷ್ಟು ಹಾಕಿದಿ?"

ಅವನು ನೆಲ ನೋಡಿದ. "ನೂರಕ್ಕ ಎಂಬತ್ತೆಂಟು."

ಒಂದು ಕ್ಷಣ ಅವಳ ಎದೆಯಲ್ಲಿ ಹಿಗ್ಗಿನಂಥದ್ದು ಎದ್ದಿತು. ಅದಕ್ಕಾಗಿಯೇ ಅವನ ಮೇಲೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು.

"ಇದಕ್ಕ ಮೊದಲೂ ಸ್ವೆಟರ್ ಬಂದಿದ್ವೇನು?"

"ಟಪಾಲಿನ್ಯಾಗ ಬಂದಿದ್ವು. ನಮ್ಮ ಹುಡುಗಗ ಹಾಕಿದೆವು."

ಅವನ ಮಗನ ಹಸಿರು ಸ್ವೆಟರು ಅವಳಿಗೆ ನೆನಪಾಯಿತು. ಚಂದ ಕಾಣತೈತಿ ಎಂದು ತಾನೇ ಗಲ್ಲ ಹಿಂಡಿದ್ದಳು.

"ಎಂಬತ್ತಾರು ವರ್ಷ ನಡದೈತಿ ಅಕಿಗೆ," ಎಂದ ಭೀಮಶಿ. "ಇನ್ನೊಂದು ವರ್ಷ ತಡಿ ತಂಗಿ."

"ತಡದ್ರ ಅವಂಗ ಡಿಗ್ರಿ ಮುಗಸ್ತಿ. ಆಮ್ಯಾಲ ಹೆಣ್ಣು ನೋಡ್ತಿ. ಲಗ್ನದ ಕಾರ್ಡೂ ನೀನ ಬರೀತಿ, ಬಣ್ಣ ಹಚ್ಚಿ."

"ಅಕಿಗೆ ನಾ ಹೆಂಗ ಮಾರಿ ತೋರಸ್ಲಿ?"

"ನಿನಗ ಮಾರಿ ಚಿಂತಿ. ಒಂಬತ್ತು ವರ್ಷ ಅಕಿನ್ನ ಕಲ್ಲು ಅಂದ್ಕೊಂಡೇನಿ. ಅಕಿ ಹೆಸರು ಬಂದ್ರ ನಾ ಎದ್ದು ಹೋಗೂದನ್ನ ನೀ ಎದುರಿಗೇ ಕುಂತು ನೋಡಿದಿ, ಒಂದ ಸಲ ಬಾಯಿ ಬಿಡಲಿಲ್ಲ."



ಅವಳು ಅವನ ಮೇಜಿನಿಂದಲೇ ದೊಡ್ಡ ಹಾಳೆ, ದಪ್ಪ ಪೆನ್ನು ಎತ್ತಿಕೊಂಡಳು. 'ಪ್ರೀತಿಯ ಅತ್ತೆಗೆ' ಎಂದು ಬರೆದು ನಿಂತಳು. ಮೊದಲ ಸಲ ಆದದ್ದನ್ನು ಹೇಳುವುದಷ್ಟೇ ಇತ್ತು. ಈಗ ಲೆಸ್ಟರಿನ ಆ ಮನೆಯಲ್ಲಿ ಎತ್ತರದ ಹುಡುಗನೊಬ್ಬನಿದ್ದಾನೆ, ಓದಿನಲ್ಲಿ ಜಾಣ, ನೀಲಿ ಒಪ್ಪುವವನು. ಈ ಕಾಗದ ತಲುಪುವವರೆಗೆ ಇರುತ್ತಾನೆ. ಅವನನ್ನು ಇಲ್ಲವಾಗಿಸುವ ಕೆಲಸವನ್ನು ಅಣ್ಣ ಹೆತ್ತವಳ ಕೈಗೇ ಬಿಟ್ಟಿದ್ದ.

"ನಾ ಬರದುಕೊಡ್ಲೇನ?" ಎಂದ ಭೀಮಶಿ ಮೆಲ್ಲಗೆ.

"ಮುಟ್ಟಬ್ಯಾಡ." ಹಾಳೆಯನ್ನು ತನ್ನತ್ತ ಎಳೆದುಕೊಂಡು ಅವಳು ಎರಡನೆಯ ಸಾಲು ಬರೆದಳು.